ವಿಚಲನೆ: ಸೂಜಿಗಲ್ಲು ಹತ್ತಿರ ಬಂದರೆ ದಿಕ್ಸೂಚಿ ಯಾಕೆ ತಿರುಗುತ್ತದೆ?

ಕೊಡಚಾದ್ರಿಯ ತುದಿಯಲ್ಲಿ ಒಂದು ಸಂಜೆ ನಿಂತಿದ್ದೆ. ಸೂರ್ಯ ಸಮುದ್ರದ ಕಡೆ ಇಳಿಯುತ್ತಿದ್ದ. ಮುಳುಗುವ ಸೂರ್ಯನಿಗೆ ಮುಖ ಮಾಡಿ ನಿಂತರೆ ಬಲಗೈ ಕಡೆ ಉತ್ತರ, ಅಲ್ವಾ? ಜೇಬಿನಿಂದ ದಿಕ್ಸೂಚಿ ತೆಗೆದು ಅಂಗೈ ಮೇಲೆ ಇಟ್ಟುಕೊಂಡೆ. ಸೂಜಿಯ ಕೆಂಪು ತುದಿ ಸ್ವಲ್ಪ ಓಲಾಡಿ ಎಡಗೈ ಕಡೆ ತಿರುಗಿ ನಿಂತಿತು. ಡಬ್ಬಿ ಅಲುಗಿಸಿದೆ. ಹತ್ತು ಹೆಜ್ಜೆ ಸರಿದು ನೋಡಿದೆ. ಮತ್ತೆ ಎಡಕ್ಕೇ. ಉತ್ತರ ತೋರಿಸಬೇಕಾದ ತುದಿ ದಕ್ಷಿಣ ತೋರಿಸುತ್ತಿತ್ತು.

ಯಾಕೆ ಹೀಗಾಯಿತು ಅಂತ ತಿಳಿಯಬೇಕಾದರೆ ಮೊದಲು 'ವಿಚಲನೆ' ಎಂಬ ಪದ ಗೊತ್ತಿರಬೇಕು. ಇದ್ದ ಜಾಡು ಬಿಟ್ಟು ಪಕ್ಕಕ್ಕೆ ಸರಿಯುವುದೇ ವಿಚಲನೆ. ದಿಕ್ಸೂಚಿಯ ವಿಷಯದಲ್ಲಿ, ಸೂಜಿ ಉತ್ತರ-ದಕ್ಷಿಣದ ಗೆರೆ ಬಿಟ್ಟು ಎಷ್ಟು ಡಿಗ್ರಿ ತಿರುಗಿತು ಎಂಬುದು ಅದರ ಅಳತೆ.

ಅಯಸ್ಕಾಂತಕ್ಕೆ ಕನ್ನಡದಲ್ಲಿ ಸೂಜಿಗಲ್ಲು ಎಂಬ ಚಂದದ ಹೆಸರಿದೆ. ಸೂಜಿಯನ್ನು ಸೆಳೆಯುವ ಕಲ್ಲು. ದಿಕ್ಸೂಚಿಯ 'ಸೂಚಿ'ಗೂ ನಮ್ಮ 'ಸೂಜಿ'ಗೂ ಮೂಲ ಒಂದೇ. ಎರಡು ಹೆಸರಲ್ಲೂ ಸೂಜಿ ಇರುವುದು ನನಗೆ ತುಂಬ ಇಷ್ಟ. ಯಾಕೆಂದರೆ ದಿಕ್ಸೂಚಿಯ ಸೂಜಿಯೇ ಒಂದು ಪುಟ್ಟ ಸೂಜಿಗಲ್ಲು.

ಆ ಸೂಜಿಗೆ ಉತ್ತರ ಯಾವುದು ಅಂತ ಗೊತ್ತಿಲ್ಲ. ತಾನಿರುವ ಜಾಗದಲ್ಲಿ ಕಾಂತಕ್ಷೇತ್ರ, ಅಂದರೆ ಅಯಸ್ಕಾಂತದ ಪ್ರಭಾವ, ಯಾವ ಕಡೆಗಿದೆಯೋ ಆ ಕಡೆಗೆ ತಿರುಗಿ ನಿಲ್ಲುವುದು, ಅಷ್ಟೇ ಅದರ ಕೆಲಸ. ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಎಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 1600ರಲ್ಲೇ ಬರೆದ. ಸುತ್ತ ಬೇರೇನೂ ಇಲ್ಲದಾಗ ಸೂಜಿ ಭೂಮಿಯ ಮಾತನ್ನಷ್ಟೇ ಕೇಳುತ್ತದೆ. ಆದರೆ ಭೂಮಿಯ ಕ್ಷೇತ್ರ ಬಹಳ ಮೆಲುವಾದದ್ದು. ಫ್ರಿಜ್ ಬಾಗಿಲಿಗೆ ಅಂಟಿಸುವ ಸೂಜಿಗಲ್ಲು ಕೂಡ ತೀರಾ ಹತ್ತಿರದಲ್ಲಿ ಅದಕ್ಕಿಂತ ಹತ್ತಾರು ಪಟ್ಟು ಜೋರು. ಎರಡೂ ಒಟ್ಟಿಗೆ ಎಳೆದರೆ ಸೂಜಿ ಎರಡರ ನಡುವಿನ ಒಂದು ದಿಕ್ಕಿಗೆ ನಿಲ್ಲುತ್ತದೆ. ಜೋರಿರುವವರ ಕಡೆಗೆ ಜಾಸ್ತಿ ವಾಲುತ್ತದೆ.

ಮಳೆಗಾಲಕ್ಕೆ ಮುಂಚೆ ಅಕ್ಕನ ಮಗಳಿಗೆ ಇದನ್ನು ಜಗಲಿಯ ಮೇಲೆ ತೋರಿಸಿದ್ದೆ. ಹಳೆ ರೇಡಿಯೋ ಸ್ಪೀಕರಿನಿಂದ ಬಿಚ್ಚಿದ ದುಂಡನೆ ಸೂಜಿಗಲ್ಲು ಇತ್ತು. ದಿಕ್ಸೂಚಿಯನ್ನು ನೆಲದ ಮೇಲಿಟ್ಟು, ಸೂಜಿಗಲ್ಲನ್ನು ಅದರ ಪೂರ್ವಕ್ಕೆ ದೂರದಲ್ಲಿಟ್ಟೆವು. ಏನೂ ಆಗಲಿಲ್ಲ. ಅವಳು ಒಂದು ಬೆರಳಿನಿಂದ ಅದನ್ನು ಹತ್ತಿರ ಹತ್ತಿರ ತಳ್ಳುತ್ತಾ ಬಂದಳು. ಸೂಜಿ ಮೊದಲು ನಡುಗಿತು, ಆಮೇಲೆ ನಿಧಾನಕ್ಕೆ ಹೊರಳಿತು. ಸರಿಯಾಗಿ 45 ಡಿಗ್ರಿ ತಿರುಗಿದಾಗ "ಅಲ್ಲೇ ನಿಲ್ಲಿಸು" ಅಂದೆ. ಆ ಜಾಗದಲ್ಲಿ ಭೂಮಿ ಮತ್ತು ಆ ಸ್ಪೀಕರ್ ತುಂಡು ಸಮಬಲ!

ಇನ್ನೊಂದು ಮಜಾ ಇದೆ. ಈ ದೂರವನ್ನು ಅರ್ಧ ಮಾಡಿದರೆ ಸೂಜಿಗಲ್ಲಿನ ಬಲ ಎರಡು ಪಟ್ಟಲ್ಲ, ಸುಮಾರು ಎಂಟು ಪಟ್ಟು ಏರುತ್ತದೆ. ದುಪ್ಪಟ್ಟು ಮಾಡಿದರೆ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. 20 ಸೆಂಟಿಮೀಟರಿನಲ್ಲಿ 45 ಡಿಗ್ರಿ ತಿರುಗಿಸಿದ್ದು, 40ರಲ್ಲಿ ಬರೀ 7 ಡಿಗ್ರಿ ತಿರುಗಿಸುತ್ತದೆ. 10ರಲ್ಲಾದರೆ 83 ಡಿಗ್ರಿ ಹತ್ತಿರ. ಅದಕ್ಕೇ ಮೊಬೈಲನ್ನು ದಿಕ್ಸೂಚಿಯಿಂದ ಒಂದು ಮಾರು ದೂರ ಇಟ್ಟರೂ ಸಾಕು. ಅದರ ಸ್ಪೀಕರಿನಲ್ಲೂ ಸೂಜಿಗಲ್ಲಿದೆ.

ಬರೀ ಕಬ್ಬಿಣವೂ ಸೂಜಿಯನ್ನು ತಿರುಗಿಸುತ್ತದೆ. ಸೊಂಟಕ್ಕೆ ಸಿಕ್ಕಿಸಿದ ಕತ್ತಿ ಸಾಕು. ಕೊಡಚಾದ್ರಿಯ ಗುಡಿ ಮುಂದಿನ ಕಬ್ಬಿಣದ ಕಂಬದ ಪಕ್ಕ ನಿಂತು ದಿಕ್ಕು ನೋಡಬೇಡಿ. ಆದರೆ ಮಲೆನಾಡಿನ ಕೆಂಪು ಮಣ್ಣಿಗೆ ಹೆದರಬೇಕಾಗಿಲ್ಲ. ಅದರಲ್ಲಿ ಕಬ್ಬಿಣದ ಅಂಶ ಇದ್ದರೂ ಅದು ತುಕ್ಕಿನ ಜಾತಿಯದು, ಸೂಜಿಯನ್ನು ಕಾಣುವಷ್ಟು ಎಳೆಯುವುದಿಲ್ಲ. ಕುದುರೆಮುಖದ ಅದಿರಿನ ಮಾತೇ ಬೇರೆ. 2005ರ ಕೊನೆಗೆ ಗಣಿಗಾರಿಕೆ ನಿಂತ ಆ ಬೆಟ್ಟದಲ್ಲಿರುವುದು ಮ್ಯಾಗ್ನೆಟೈಟ್, ಸೂಜಿಗಲ್ಲಿಗೆ ಅಂಟುವ ಕಬ್ಬಿಣದ ಅದಿರು. ಅಂಥ ಬಂಡೆ ದಿಕ್ಸೂಚಿಯನ್ನು ದಾರಿ ತಪ್ಪಿಸಬಲ್ಲದು.

ಇವೆಲ್ಲ ವಿಚಲನೆ. ಸೂಜಿಗಲ್ಲನ್ನು ದೂರ ಸರಿಸಿ, ಸೂಜಿ ತಾನಾಗಿ ಉತ್ತರಕ್ಕೆ ಮರಳುತ್ತದೆ. ನನ್ನದು ಮರಳಲಿಲ್ಲ. ಯಾಕೆಂದರೆ ಜಗಲಿಯ ಆಟ ಮುಗಿದ ಮೇಲೆ ಸ್ಪೀಕರ್ ತುಂಡನ್ನೂ ದಿಕ್ಸೂಚಿಯನ್ನೂ ಒಂದೇ ಡ್ರಾಯರಿಗೆ ಹಾಕಿ, ಮಳೆಗಾಲ ಪೂರ್ತಿ ಹಾಗೇ ಬಿಟ್ಟಿದ್ದೆ. ಜೋರಾದ ಸೂಜಿಗಲ್ಲು ಅಂಟಿಕೊಂಡು ಕೂತರೆ ಸೂಜಿಯ ಧ್ರುವಗಳೇ ಅದಲು ಬದಲಾಗಬಹುದು. ಕೆಂಪು ಬಣ್ಣ ಅಲ್ಲೇ ಇರುತ್ತದೆ, ಉತ್ತರ ಧ್ರುವ ಇನ್ನೊಂದು ತುದಿಗೆ ಹೋಗಿರುತ್ತದೆ.

ಮನೆಗೆ ಬಂದು ಅದೇ ತುಂಡಿನಿಂದಲೇ ಸರಿಮಾಡಿದೆ. ಅದರ ದಕ್ಷಿಣ ಧ್ರುವವನ್ನು ದಿಕ್ಸೂಚಿಯ ಗಾಜಿನ ಮೇಲೆ, ಸೂಜಿಯ ನಡುವಿನಿಂದ ಕೆಂಪು ತುದಿಯ ಕಡೆಗೆ ಸವರಿ, ಎತ್ತಿ, ಮತ್ತೆ ನಡುವಿನಿಂದ ಸವರಿದೆ. ಕೊನೆಗೆ ಸವರಿ ಬಿಟ್ಟ ತುದಿ ಉತ್ತರ ಧ್ರುವವಾಗುತ್ತದೆ. ಏಳೆಂಟು ಸಲ ಆದ ಮೇಲೆ ಸೂಜಿಗಲ್ಲನ್ನು ಅಡುಗೆಮನೆಯಲ್ಲಿಟ್ಟು ಬಂದು ನೋಡಿದೆ. ಕೆಂಪು ತುದಿ ಓಲಾಡಿ, ಅಡಿಕೆ ತೋಟದ ಕಡೆ ತಿರುಗಿ ನಿಂತಿತು. ನಮ್ಮ ಮನೆಗೆ ಅದೇ ಉತ್ತರ.