ಅಕ್ಷರಕ್ಕೆ ಮೊದಲು ಮಾತು

"ಮೇಡಂ, ನಾಲ್ಕು ವರ್ಷ ತುಂಬ್ತು. ಪಕ್ಕದ ಮನೆ ಮಗು ಆಗ್ಲೇ ಅ ಆ ಇ ಈ ಪೂರ್ತಿ ಬರೀತದೆ. ನಮ್ಮದು ಸ್ಲೇಟೇ ಮುಟ್ಟಲ್ಲ."

ಶಿವಮೊಗ್ಗದಲ್ಲಿ ಮಕ್ಕಳ ಮಾತು ಮತ್ತು ಭಾಷೆಯ ಚಿಕಿತ್ಸೆ ನನ್ನ ಕೆಲಸ. ಬರುವ ಅಪ್ಪ-ಅಮ್ಮಂದಿರಲ್ಲಿ ಹೆಚ್ಚಿನವರು ಹೀಗೇ ಶುರು ಮಾಡುತ್ತಾರೆ. ಮಗುವಿಗೆ ಕಥೆ ಓದಿ ಹೇಳ್ತೀರಾ ಅಂತ ಕೇಳಿದರೆ, "ಅದಕ್ಕಿನ್ನೂ ಓದಕ್ಕೇ ಬರಲ್ವಲ್ಲ" ಅನ್ನುತ್ತಾರೆ.

ಮೊದಲು ಅಕ್ಷರ, ಆಮೇಲೆ ಪುಸ್ತಕ. ಇದು ನಮ್ಮಲ್ಲಿ ಆಳವಾಗಿ ಕೂತಿರುವ ನಂಬಿಕೆ. ವಿಜಯದಶಮಿ ದಿನ ತಟ್ಟೆಯ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಬರೆಸಿಯೇ ವಿದ್ಯೆ ಶುರು ಮಾಡುವ ಜನ ನಾವು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಪ್ಪ-ಅಮ್ಮ ಏನು ನಂಬುತ್ತಾರೋ ಮನೆಯಲ್ಲಿ ಅದೇ ನಡೆಯುತ್ತದೆ. ಓದು ಅಂದರೆ ಅಕ್ಷರ ಅಷ್ಟೇ ಅಂದುಕೊಂಡ ಮನೆಯಲ್ಲಿ ಸ್ಲೇಟು, ಕಾಪಿ ಪುಸ್ತಕ ಎಲ್ಲ ಇರುತ್ತದೆ. ಕಥೆ ಪುಸ್ತಕ ಒಂದೂ ಇರುವುದಿಲ್ಲ.

ಕೆನಡಾದ ಸಂಶೋಧಕಿಯರಾದ ಮೋನಿಕ್ ಸೆನೆಶಾಲ್ ಮತ್ತು ಜೋ-ಆನ್ ಲೆಫೆವ್ರ್ 5 ವರ್ಷ ಮಕ್ಕಳ ಬೆನ್ನು ಹತ್ತಿ ಇದನ್ನೇ ನೋಡಿದರು. 2002ರಲ್ಲಿ ಅವರ ಅಧ್ಯಯನ ಪ್ರಕಟವಾಯಿತು. ಮನೆಯಲ್ಲಿ ಅಕ್ಷರ ಹೇಳಿಕೊಟ್ಟದ್ದು ಶುರುವಿನ ಅಕ್ಷರ ಕಲಿಕೆಗೆ ನೆರವಾಗಿತ್ತು. ಕಥೆ ಪುಸ್ತಕದ ಒಡನಾಟ ಬೇರೆಯೇ ಕಡೆ ಫಲ ಕೊಟ್ಟಿತ್ತು. ಆ ಮಕ್ಕಳಿಗೆ ಜಾಸ್ತಿ ಪದಗಳು ಗೊತ್ತಿದ್ದವು, ಕೇಳಿದ್ದು ಚೆನ್ನಾಗಿ ಅರ್ಥವಾಗುತ್ತಿತ್ತು. ಮೂರನೇ ತರಗತಿಯ ಓದಿನಲ್ಲಿ ಈ ಪದಗಳ ಬಲ ಎದ್ದು ಕಂಡಿತು. ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಎರಡೂ ಬೇಕು.

ಅವರು ನೋಡಿದ್ದು ಇಂಗ್ಲಿಷ್ ಕಲಿಯುವ ಮಕ್ಕಳನ್ನು. ಕನ್ನಡದ ಮಕ್ಕಳಿಗೆ ಅಕ್ಷರದ ದಾರಿಯೇ ಉದ್ದ. 34 ವ್ಯಂಜನಗಳ ಕಾಗುಣಿತ ಬರೆದರೇ 400ಕ್ಕೂ ಜಾಸ್ತಿ ಆಕಾರ ಆಗುತ್ತದೆ, ಒತ್ತಕ್ಷರ ಬೇರೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು-ನಾಲ್ಕನೇ ತರಗತಿಗೆ ಬಂದರೂ ಅಕ್ಷರ ಕಲಿಕೆ ಮುಂದುವರಿದೇ ಇತ್ತು. ದೊಡ್ಡ ಮಕ್ಕಳಿಗೇ ಇಷ್ಟು ಸಮಯ ಬೇಕು ಅಂದಮೇಲೆ, ನಾಲ್ಕು ವರ್ಷದ ಮಗು 'ಈ' ತಿರುಗಿಸಿ ಬರೆದರೆ ಬೈಯುವುದು ಯಾಕೆ? ಆ ಬೆರಳುಗಳಿಗೆ ಪೆನ್ಸಿಲ್ ಹಿಡಿತವೇ ಇನ್ನೂ ಸರಿಯಾಗಿ ಬಂದಿರುವುದಿಲ್ಲ.

ಇನ್ನು ಓದಿ ಹೇಳುವವರ ವಿಷಯ. ಕೆಲವರು ಪಾಠ ಒಪ್ಪಿಸುವ ಹಾಗೆ ಓದುತ್ತಾರೆ. ಒಮ್ಮೆ ಒಬ್ಬ ತಾಯಿ ನನ್ನೆದುರೇ ಮಗನಿಗೆ ಓದುತ್ತಿದ್ದರು. ಮಳೆಗೆ ನೆನೆದ ನಾಯಿಮರಿ ಜಗಲಿ ಹತ್ತಿ ಕೂತ ಚಿತ್ರ. ಹುಡುಗ ಪುಟದ ಮೂಲೆಗೆ ಬೆರಳಿಟ್ಟು "ಕಪ್ಪೆ!" ಅಂದ. "ಅದು ಆಮೇಲೆ, ಮೊದಲು ಇದು ಕೇಳು" ಅಂದರು ಅಮ್ಮ. ಅವನು ಸುಮ್ಮನಾದ, ಪುಸ್ತಕದಿಂದ ಕಣ್ಣೂ ತೆಗೆದ. ಅವನ ಬೆರಳು ಹೋದಲ್ಲಿಗೇ ನೀವೂ ಹೋಗಿ ನೋಡೋಣ ಅಂತ ನಾನು ಹೇಳಿದೆ.

"ಹೌದಲ್ವಾ ಪುಟ್ಟ, ಕಪ್ಪೆ! ಎಂಥ ಮಾಡ್ತಿದೆ ಅದು?"

"ಕೂತದೆ."

"ಎಲ್ಲಿ ಕೂತಿದೆ?"

"ಕೆಸುವಿನ ಎಲೆ ಕೆಳಗೆ."

"ಯಾಕೆ?"

"ಅದಕ್ಕೆ ಚಳಿ. ನಮ್ಮನೆ ಬಚ್ಚಲಿಗೂ ಬಂದಿತ್ತಲ್ಲಮ್ಮ, ಅಪ್ಪ ಕೋಲಲ್ಲಿ ಓಡಿಸಿದ್ರು!"

ಒಂದೇ ಪದ ಆಡುತ್ತಿದ್ದ ಹುಡುಗ ನಡೆದ ಘಟನೆಯನ್ನೇ ಹೇಳಿಬಿಟ್ಟ. ಮುಂದೆ ಪಾಠ ಓದಿ ಅರ್ಥ ಮಾಡಿಕೊಳ್ಳುವುದಕ್ಕೆ ಬೇಕಾಗುವ ಶಕ್ತಿ ಇದೇ. ಕಂಡದ್ದನ್ನು ಹೇಳುವುದು, ಕಾರಣ ಹುಡುಕುವುದು, ತನ್ನ ಅನುಭವಕ್ಕೆ ಜೋಡಿಸುವುದು. ಅಮೆರಿಕದಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಎರಡು-ಮೂರು ವರ್ಷದ ಮಕ್ಕಳಿಗೆ ಹೀಗೆ ಪ್ರಶ್ನೆ ಕೇಳುತ್ತಾ ಓದುವುದನ್ನು ಅಪ್ಪ-ಅಮ್ಮಂದಿರಿಗೆ ಹೇಳಿಕೊಟ್ಟರು. ಬರೀ 4 ವಾರದಲ್ಲಿ ಆ ಮಕ್ಕಳು ಮಾತಿನಲ್ಲಿ ಉಳಿದವರಿಗಿಂತ ಮುಂದಿದ್ದರು.

"ನಾನು ಓದಿದ್ದೇ ಏಳನೇ ಕ್ಲಾಸು, ನನ್ನಿಂದ ಎಂಥ ಆಗ್ತದೆ" ಅನ್ನುವ ತಾಯಂದಿರೂ ಬರುತ್ತಾರೆ. ಕಲಿಸುವುದು ಟೀಚರ್ ಕೆಲಸ ಅಂತ ಅವರು ನಂಬಿದ್ದಾರೆ. ಈ ಮಾತು ಕೇಳಿದಾಗ ನನಗೆ ತುಂಬ ಸಂಕಟವಾಗುತ್ತದೆ, ಯಾಕಂದರೆ ಅವರ ಕೈಯಲ್ಲಿ ಬೇಕಾದ್ದೆಲ್ಲ ಇದೆ. ಚಿತ್ರ ನೋಡಿ ಕಥೆ ಕಟ್ಟಲು ಓದು ಬರಬೇಕು ಅಂತಿಲ್ಲ. ಸುಗ್ಗಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಾಗ ಪಕ್ಕದಲ್ಲಿ ಮಗು ಇರುತ್ತದಲ್ಲ, ಅದೂ ಒಳ್ಳೆಯ ಹೊತ್ತು. ಅಡಿಕೆ ಅನ್ನೋದಕ್ಕೆ ಎಷ್ಟು ಚಪ್ಪಾಳೆ? ಅ-ಡಿ-ಕೆ, ಮೂರು. 'ಮರ' ಅಂದರೆ ಮುಂದಿನದು 'ರ'ದಿಂದ. ರಸ. ಸರ. ನಮ್ಮ ಹಾಡಿನ ಬಂಡಿ ಆಟದ ಚಿಕ್ಕ ರೂಪ ಇದು. ಕನ್ನಡದಲ್ಲಿ ನಾವು ಬರೆಯುವುದೂ ಹೀಗೆ ಬಿಡಿಸಿದ ತುಂಡುಗಳನ್ನೇ ಅಲ್ವಾ? ಕಿವಿಯಲ್ಲಿ ಪದ ಬಿಡಿಸಿ ಗೊತ್ತಿರುವ ಮಗುವಿಗೆ ಸ್ಲೇಟಿನ ಮೇಲಿನ 'ಡಿ' ಅಪರಿಚಿತ ಅನ್ನಿಸುವುದಿಲ್ಲ.

ಇಂಗ್ಲಿಷ್ ಮೀಡಿಯಂಗೆ ಸೇರಿಸುತ್ತೇವೆ ಅಂತ ಮನೆಮಾತನ್ನೇ ನಿಲ್ಲಿಸುವವರಿಗೆ ನಾನು ಕೈಮುಗಿದು ಬೇಡ ಅನ್ನುತ್ತೇನೆ. ಮಲೆನಾಡಿನ ಮನೆಗಳಲ್ಲಿ ಹವ್ಯಕ ಕನ್ನಡ, ಕೊಂಕಣಿ, ಉರ್ದು, ಲಂಬಾಣಿ, ಎಲ್ಲ ಇವೆ. ಅಜ್ಜಿ ಯಾವ ಮಾತಿನಲ್ಲಿ ಕಥೆ ಹೇಳುತ್ತಾರೋ ಅದರಲ್ಲೇ ಹೇಳಲಿ. ಅರೆಬರೆ ಇಂಗ್ಲಿಷಿನಲ್ಲಿ "ಕಮ್, ಸಿಟ್, ಈಟ್" ಅಷ್ಟೇ ಕೇಳಿ ಬೆಳೆದರೆ ಯಾವ ಭಾಷೆಯಲ್ಲೂ ಪದ ಸಾಲುವುದಿಲ್ಲ.

ಪುಸ್ತಕಕ್ಕೆ ದುಡ್ಡು ಸುರಿಯಬೇಕಿಲ್ಲ. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಈ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರು, ನಿಮ್ಮೂರಿನದರಲ್ಲಿ ವಿಚಾರಿಸಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಕಥೆಗಳು ಉಚಿತ. ನೆಟ್‌ವರ್ಕ್ ಸಿಗದ ಒಂಟಿ ಮನೆಯವರು ಪೇಟೆಗೆ ಬಂದಾಗ ಮೊಬೈಲಿಗೆ ಇಳಿಸಿಕೊಂಡು ಹೋಗಬಹುದು. ಆದರೆ ಮೊಬೈಲನ್ನು ಮಗುವಿನ ಕೈಗೆ ಕೊಟ್ಟು ಎದ್ದು ಹೋಗಬೇಡಿ, ಜೊತೆಯಲ್ಲಿ ಕೂತು ನೋಡಿ. ದಿನಕ್ಕೆ ಹತ್ತು ನಿಮಿಷ ಆದರೂ ಸರಿ. ಅದೇ ಪುಸ್ತಕ ಮತ್ತೆ ಮತ್ತೆ ಬೇಕು ಅಂದರೆ ಅದನ್ನೇ ಓದಿ.

ಒಂದು ವಿಷಯ ಮಾತ್ರ ಬೇರೆ. ನಾಲ್ಕು ವರ್ಷವಾದರೂ ಮಗು ಮೂರು-ನಾಲ್ಕು ಪದ ಸೇರಿಸಿ ಮಾತಾಡುತ್ತಿಲ್ಲ, ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಪದೇ ಪದೇ ಕಿವಿ ಸೋರುತ್ತದೆ ಅಂದರೆ ಕಥೆ ಪುಸ್ತಕ ಒಂದೇ ಸಾಲದು. ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೋ ಹತ್ತಿರದ ವೈದ್ಯರಲ್ಲಿಗೋ ಕರೆದುಕೊಂಡು ಹೋಗಿ, ಮೊದಲು ಕಿವಿ ತೋರಿಸಿ.