ಆಗುಂಬೆ ಇಳಿಯುವ ಹಳೆಯ ಬುಲೆಟ್ಟಿಗೆ ಡಿಸ್ಕ್ ಬ್ರೇಕ್

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯ ಹದಿನಾಲ್ಕು ತಿರುವುಗಳನ್ನು ಡ್ರಮ್ ಬ್ರೇಕಿನ ಹಳೆಯ ಬುಲೆಟ್ಟಿನಲ್ಲಿ ಇಳಿದವರಿಗೆ ಬ್ರೇಕಿನೊಳಗೆ ಉಜ್ಜುವ ಪದರ, ಅಂದರೆ ಲೈನರು, ಸುಟ್ಟ ವಾಸನೆ ಹೊಸದಲ್ಲ. ನನಗೊಮ್ಮೆ ಆ ವಾಸನೆಯ ಬೆನ್ನಿಗೇ ಮುಂದಿನ ಬ್ರೇಕಿನ ಲಿವರ್ ಹಿಡಿಕೆಗೆ ತಾಗುವಷ್ಟು ಒಳಬಂತು, ಗಾಡಿ ಮಾತ್ರ ಅದೇ ವೇಗದಲ್ಲಿ ಸಾಗಿತು. ಗೇರ್ ಇಳಿಸಿ, ಎಡಗಾಲಿನ ಹಿಂಬ್ರೇಕನ್ನು ತುಳಿದು, ರಸ್ತೆಯಂಚಿನ ಮಣ್ಣಿಗೆ ಚಕ್ರ ಹತ್ತಿಸಿ ಹೇಗೋ ನಿಂತೆ. ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸುವ ಯೋಚನೆ ಹುಟ್ಟಿದ್ದು ಆ ದಿನ. ಉಡುಪಿಯ ಲೇತಿನವರು ಗಾಡಿಯನ್ನೊಮ್ಮೆ ಸುತ್ತಿ ನೋಡಿ, "ಡಿಸ್ಕ್ ಹಾಕುವುದು ಸುಲಭ ಮಾರಾಯ್ರೆ, ಅದನ್ನು ಹಿಡಿದುಕೊಳ್ಳಲಿಕ್ಕೆ ನಿಮ್ಮ ಗಾಡಿಯಲ್ಲಿ ಏನುಂಟು?" ಎಂದು ಕೇಳಿದರು. ಆ ಪ್ರಶ್ನೆಯ ತೂಕ ತಿಳಿದದ್ದು ಕಾಗದದ ಮೇಲೆ ಲೆಕ್ಕ ಹಾಕಿದ ಮೇಲೆಯೇ.

ಚಲನಶಕ್ತಿಯನ್ನು ಉಷ್ಣವಾಗಿ ಮಾರ್ಪಡಿಸುವುದು ಬ್ರೇಕಿನ ಕೆಲಸ. ಸವಾರನೂ ಸೇರಿ 250 ಕಿಲೋ ತೂಗುವ ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದಾಗ ಅದರಲ್ಲಿರುವ ಶಕ್ತಿ ಸುಮಾರು 35 ಕಿಲೋಜೂಲ್. ಒಂದು ಗ್ಲಾಸು ಚಾಕ್ಕೆ ಬೇಕಾದ 120 ಮಿಲಿಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಅಷ್ಟು ಸಾಕು. ಘಾಟಿಯಲ್ಲಿ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಪ್ರತಿ 100 ಮೀಟರ್ ಎತ್ತರ ಇಳಿದಾಗಲೂ ಇದೇ ಗಾಡಿ 245 ಕಿಲೋಜೂಲ್ ಶಕ್ತಿಯನ್ನು ಬಿಟ್ಟುಕೊಡುತ್ತದೆ, ಅಂದರೆ 60ರ ವೇಗದಿಂದ ಏಳು ಸಲ ನಿಲ್ಲಿಸಿದಷ್ಟು. ಅದರಲ್ಲಿ ಎಂಜಿನ್ನಿಗೂ ಗಾಳಿಗೂ ಒಂದು ಪಾಲು ಹೋಗುತ್ತದೆ. ಉಳಿದದ್ದೆಲ್ಲ ಮುಚ್ಚಿದ ಡ್ರಮ್ಮಿನೊಳಗೆ ಸೇರುತ್ತದೆ.

ಡ್ರಮ್ಮನ್ನು ದುರ್ಬಲವೆಂದು ಹಳಿಯುವುದು ಸರಿಯಲ್ಲ. ಡ್ರಮ್ಮಿನ ಒಳಮೈಗೆ ಲೈನರನ್ನು ಒತ್ತುವ ಬಿಲ್ಲಿನಾಕಾರದ ತುಂಡುಗಳೇ ಶೂಗಳು. ಚಕ್ರ ತಿರುಗುವ ದಿಕ್ಕಿಗೆ ಎದುರಾಗಿ ಕುಳಿತ ಶೂವನ್ನು ಘರ್ಷಣೆಯೇ ಎಳೆದು ಡ್ರಮ್ಮಿಗೆ ಇನ್ನಷ್ಟು ಒತ್ತುತ್ತದೆ, ಬಾಗಿಲಡಿ ಸಿಕ್ಕಿಸಿದ ಬೆಣೆ ನೂಕಿದಷ್ಟೂ ಬಿಗಿಯಾಗುವ ಹಾಗೆ. ಈ ಗುಣದಿಂದಲೇ ಒಂದು ಸಾಧಾರಣ ಕೇಬಲ್ಲಿನಿಂದ ಅಷ್ಟು ಭಾರದ ಗಾಡಿ ನಿಲ್ಲುತ್ತದೆ. ತೊಂದರೆಯ ಮೂಲವೂ ಅದೇ ಗುಣ: ಬಲ ಹುಟ್ಟುವುದು ಘರ್ಷಣೆಯಿಂದಲೇ ಆದ್ದರಿಂದ, ಲೈನರಿನ ಘರ್ಷಣೆ ಸ್ವಲ್ಪ ಕುಗ್ಗಿದರೂ ಬ್ರೇಕಿನ ಬಲ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಬೀಳುತ್ತದೆ. ಜೊತೆಗೆ ಬಿಸಿಯಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ನನ್ನ ಲಿವರ್ ಹಿಡಿಕೆಗೆ ತಾಗಿದ್ದು ಇದರಿಂದ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಒಳಹೊಕ್ಕ ನೀರು ಬೇಗ ಹೊರಬರುವುದೂ ಇಲ್ಲ. ಚಕ್ರದ ಜೊತೆ ತಿರುಗುವ ತಟ್ಟೆಯಾದ ಡಿಸ್ಕ್ ಬಯಲಿಗಿರುತ್ತದೆ, ಬಿಸಿಯಾದರೆ ಅದನ್ನು ಎರಡೂ ಕಡೆಯಿಂದ ಕಚ್ಚುವ ಪ್ಯಾಡುಗಳ ಕಡೆಗೇ ಹಿಗ್ಗುತ್ತದೆ, ಮೇಲಿನ ನೀರನ್ನು ಪ್ಯಾಡುಗಳೇ ಒರೆಸಿ ಹಾಕುತ್ತವೆ.

ಆದರೆ ಡಿಸ್ಕಿಗೆ ಬೆಣೆಯ ಸಹಾಯವಿಲ್ಲ. ಕೈ ಎಷ್ಟು ಒತ್ತಿತೋ ಅಷ್ಟಕ್ಕೇ ಅದರ ಉತ್ತರ. ಆದ್ದರಿಂದ ಒತ್ತುವ ಬಲವನ್ನು ಬೇರೆ ಕಡೆಯಿಂದ ತರಬೇಕು. 1962ರಲ್ಲಿ ಲ್ಯಾಂಬ್ರೆಟ್ಟಾ ಟಿವಿ 175 ಸ್ಕೂಟರಿನ ಮುಂದಿನ ಡಿಸ್ಕನ್ನು ಕೇಬಲ್ಲೇ ಎಳೆಯುತ್ತಿತ್ತು. 1969ರಲ್ಲಿ ಹೋಂಡಾ ಸಿಬಿ 750 ಹೈಡ್ರಾಲಿಕ್ ಡಿಸ್ಕನ್ನು ಹೊತ್ತು ಮಾರುಕಟ್ಟೆಗೆ ಬಂದ ಮೇಲೆ ದೊಡ್ಡ ಬೈಕುಗಳ ದಾರಿ ಅದೇ ಆಯಿತು. ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲನ ನಿಯಮದಂತೆ, ಲಿವರಿನ ಬಳಿಯ ಮಾಸ್ಟರ್ ಸಿಲಿಂಡರಿನ ಸಣ್ಣ ಪಿಸ್ಟನ್ನು, ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ದೊಡ್ಡ ಪಿಸ್ಟನ್ನುಗಳಲ್ಲಿ ಹಲವು ಪಟ್ಟು ಬಲ ಹುಟ್ಟಿಸುತ್ತದೆ.

ಹಳೆಯ ಗಾಡಿಗೆ ಡಿಸ್ಕ್ ಹಾಕಿಸುವವರು ಹೆಚ್ಚಾಗಿ ಎಡವುವುದು ಇಲ್ಲಿ. 27 ಮಿಲಿಮೀಟರ್ ವ್ಯಾಸದ ಎರಡು ಪಿಸ್ಟನ್ನುಗಳಿರುವ ತೇಲುವ (ಪಕ್ಕಕ್ಕೆ ಜರುಗಬಲ್ಲ) ಕ್ಯಾಲಿಪರಿಗೆ 12.7 ಮಿಲಿಮೀಟರ್ ವ್ಯಾಸದ ಮಾಸ್ಟರ್ ಸಿಲಿಂಡರ್ ಜೋಡಿಸಿದರೆ ಬಲ ಒಂಬತ್ತು ಪಟ್ಟಾಗುತ್ತದೆ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಎರಡು ಡಿಸ್ಕಿನ ದೊಡ್ಡ ಬೈಕಿನಿಂದ ಬಿಚ್ಚಿದ 15.9 ಮಿಲಿಮೀಟರಿನದನ್ನು ಹಾಕಿದರೆ ಆರು ಪಟ್ಟೂ ಸಿಗುವುದಿಲ್ಲ. ಲಿವರಿನ ಅನುಪಾತ (ಕೈಯ ಬಲವನ್ನು ಅದು ಹೆಚ್ಚಿಸುವ ಪಟ್ಟು) 5, ಪ್ಯಾಡಿನ ಘರ್ಷಣಾಂಕ 0.4 ಎಂದು ಹಿಡಿದರೆ, ಜೋರಾಗಿ ನಿಲ್ಲಿಸಲು ಮೊದಲನೆಯದರಲ್ಲಿ ಬೆರಳುಗಳು ಸುಮಾರು 12 ಕಿಲೋ ಬಲ ಹಾಕಬೇಕು, ಎರಡನೆಯದರಲ್ಲಿ 19ಕ್ಕೂ ಹೆಚ್ಚು. ಮೋಜೆಂದರೆ, ಎರಡನೆಯದರ ಲಿವರ್ ಕಲ್ಲಿನಂತೆ ಗಟ್ಟಿಯಾಗಿದ್ದು, ನಿಂತ ಗಾಡಿಯಲ್ಲಿ ಒತ್ತಿ ನೋಡುವವರು ಅದನ್ನೇ ಒಳ್ಳೆಯ ಬ್ರೇಕೆಂದು ಮೆಚ್ಚುತ್ತಾರೆ. ಸಿಲಿಂಡರನ್ನು ತೀರಾ ಚಿಕ್ಕದು ಮಾಡಿದರೆ ಬಲ ಹೆಚ್ಚುತ್ತದೆ, ಆದರೆ ತಳ್ಳುವ ದ್ರವ ಸಾಲದೆ ಲಿವರ್ ಮತ್ತೆ ಹಿಡಿಕೆಯತ್ತ ಬರುತ್ತದೆ.

ಇನ್ನು ಲೇತಿನವರ ಪ್ರಶ್ನೆ. ಮುಂದಿನ ಚಕ್ರವೊಂದೇ ಗಾಡಿಯನ್ನು ಗುರುತ್ವದ 0.7 ಭಾಗದಷ್ಟು ವೇಗಕುಸಿತದಲ್ಲಿ ನಿಲ್ಲಿಸಬೇಕಾದರೆ ಟೈರು ರಸ್ತೆಯನ್ನು ಹಿಡಿಯುವ ಬಲ ಸುಮಾರು 1,700 ನ್ಯೂಟನ್. ಟೈರಿನ ತ್ರಿಜ್ಯ 32 ಸೆಂಟಿಮೀಟರ್, ಪ್ಯಾಡು ಕಚ್ಚುವ ಜಾಗ ಆಕ್ಸಲಿನಿಂದ ಬರೀ 12.5 ಸೆಂಟಿಮೀಟರ್, ಹಾಗಾಗಿ ಡಿಸ್ಕು ಕ್ಯಾಲಿಪರನ್ನು ತನ್ನ ಜೊತೆ ಸುತ್ತಿಸಲು ಎಳೆಯುವ ಬಲ 4,400 ನ್ಯೂಟನ್ ಆಸುಪಾಸು. ಐವತ್ತು ಕಿಲೋದ ಒಂಬತ್ತು ಅಕ್ಕಿ ಮೂಟೆಗಳನ್ನು ಆ ಬ್ರಾಕೆಟ್ಟಿಗೆ ನೇತುಹಾಕಿದಂತೆ, ಅದೂ ಕ್ಷಣಾರ್ಧದಲ್ಲಿ. ಡ್ರಮ್ಮಿನ ಪ್ಲೇಟಿಗೂ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಒಂದು ಕಾಲಿನಲ್ಲೇ ಆಧಾರವಿತ್ತು ನಿಜ. ಆದರೆ ಆ ಆಧಾರ ಆ ಡ್ರಮ್ಮು ಕೊಡಬಲ್ಲ ಬಲಕ್ಕೆ ತಕ್ಕಂತೆ ಮಾಡಿದ್ದು. ಹಳೆಯ ಅಲ್ಯೂಮಿನಿಯಂ ಕಾಲಿಗೆ ಕೊಂಡಿಯೊಂದನ್ನು ವೆಲ್ಡ್ ಮಾಡಿ ಕ್ಯಾಲಿಪರ್ ತೂಗಿಸುವುದನ್ನು ನಾನು ಒಪ್ಪಲಾರೆ; ವೆಲ್ಡಿನ ಶಾಖ ತಾಗಿದ ಜಾಗದಲ್ಲಿ ಆ ಲೋಹ ಮೆತ್ತಗಾಗುತ್ತದೆ. ಅದೇ ಕಂಪನಿಯ ಡಿಸ್ಕ್ ಮಾದರಿಯಿಂದ, ಕ್ಯಾಲಿಪರ್ ಕೂರಿಸುವ ಕಿವಿಗಳು ಎರಕದಲ್ಲೇ ಬಂದಿರುವ ಕಾಲುಗಳನ್ನೂ ಚಕ್ರದ ನಡುವಿನ ಹಬ್ಬನ್ನೂ ತಂದು ಹೊಂದಿಸುವುದೇ ಮೇಲು. ಹೊಸ ಹಬ್ಬಿಗೆ ರಿಮ್ಮು ನಟ್ಟನಡುವೆ ಬರುವಂತೆ ಕಡ್ಡಿಗಳನ್ನು ಎಳೆಸಬೇಕು, ಡಿಸ್ಕಿನ ಓಲಾಟವನ್ನು ಡಯಲ್ ಗೇಜಿನಲ್ಲಿ ನೋಡಿಸಬೇಕು. ಮೂಲ ಚಕ್ರವನ್ನೂ ಫೋರ್ಕನ್ನೂ ಮಾರದೆ ಇಟ್ಟುಕೊಂಡರೆ ಗಾಡಿಯನ್ನು ಮತ್ತೆ ಮೊದಲಿನಂತೆ ಮಾಡಬಹುದು. ನೋಂದಣಿಯ ವಿವರಕ್ಕೆ ವ್ಯತ್ಯಾಸ ಬರುವ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿರ್ಬಂಧಿಸುವುದರಿಂದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದೂ ಒಳ್ಳೆಯದು.

ಬೋಲ್ಟಿನ ವಿಷಯದಲ್ಲಿ ನಮ್ಮೂರಿನವರಿಗೊಂದು ವಿಶೇಷ ಮೋಹವಿದೆ. ಉಪ್ಪು ಗಾಳಿಗೆ ತುಕ್ಕು ಹಿಡಿಯದೆಂದು ಎಲ್ಲೆಡೆ ಸ್ಟೇನ್‌ಲೆಸ್ ಹಾಕುತ್ತೇವೆ. ಸಾಮಾನ್ಯವಾದ ಎ2-70 ದರ್ಜೆಯ ಸ್ಟೇನ್‌ಲೆಸ್ ಬೋಲ್ಟು 450 ಮೆಗಾಪಾಸ್ಕಲ್ ಒತ್ತಡದಲ್ಲೇ ಶಾಶ್ವತವಾಗಿ ಹಿಗ್ಗತೊಡಗುತ್ತದೆ. ತಲೆಯ ಮೇಲೆ 8.8 ಎಂದು ಬರೆದ ಉಕ್ಕಿನ ಬೋಲ್ಟು 640ರವರೆಗೆ ತಾಳುತ್ತದೆ. ತುಕ್ಕು ಹಿಡಿದರೂ ಕ್ಯಾಲಿಪರಿಗೆ ಎರಡನೆಯದೇ ಇರಲಿ, ಆಗಾಗ ಬದಲಿಸಿದರಾಯಿತು.

ಕ್ಯಾಲಿಪರಿನಲ್ಲಿ ಪ್ಯಾಡನ್ನು ಹಿಂದೆಳೆಯುವ ಸ್ಪ್ರಿಂಗ್ ಇಲ್ಲವೆಂಬುದು ನನಗೆ ಬಿಚ್ಚಿ ನೋಡುವವರೆಗೂ ಗೊತ್ತಿರಲಿಲ್ಲ. ಪಿಸ್ಟನ್ನಿನ ಸುತ್ತ ಇರುವ ಚೌಕ ಅಂಚಿನ ರಬ್ಬರ್ ಸೀಲು ಒತ್ತಿದಾಗ ತುಸು ತಿರುಚಿಕೊಳ್ಳುತ್ತದೆ, ಬಿಟ್ಟಾಗ ನೆಟ್ಟಗಾಗುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಪ್ಯಾಡು ಸವೆದಷ್ಟೂ ಪಿಸ್ಟನ್ನು ಸೀಲಿನಲ್ಲಿ ಜಾರಿ ಮುಂದೆ ನಿಲ್ಲುವುದರಿಂದ, ಕೇಬಲ್ಲಿನಂತೆ ನಟ್ಟು ತಿರುಗಿಸಿ ಬಿಗಿ ಮಾಡುವ ಕೆಲಸವೂ ತಪ್ಪಿತು.

ಬದಲಿಗೆ ಬಂದದ್ದು ದ್ರವದ ಚಾಕರಿ. ಡಾಟ್ 4 ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸದರಲ್ಲಿ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದ ಈ ದ್ರವಕ್ಕೆ, ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಇರಬೇಕಾದ ಮಿತಿ 155 ಡಿಗ್ರಿ ಮಾತ್ರ. ಕುದಿದು ಆವಿಯ ಗುಳ್ಳೆಯೆದ್ದರೆ ಕೈಯ ಒತ್ತಡವೆಲ್ಲ ಗುಳ್ಳೆಯನ್ನು ಅದುಮುವುದರಲ್ಲೇ ಕಳೆದು, ಘಾಟಿಯಲ್ಲಿ ಲಿವರ್ ಮತ್ತೆ ಹಿಡಿಕೆಗೆ ತಾಗೀತು. ಆದ್ದರಿಂದ ಮಳೆಗಾಲ ಕಳೆದು ಆಯುಧಪೂಜೆಗೆ ಗಾಡಿ ತೊಳೆಯುವ ಮುನ್ನ ಹಳೆಯದನ್ನು ಚೆಲ್ಲಿ ಹೊಸದನ್ನು ತುಂಬುತ್ತೇನೆ. ಮೊದಲ ವರ್ಷ ಎರಡು ಹನಿ ಟ್ಯಾಂಕಿನ ಮೇಲೆ ಬಿದ್ದು ಬಣ್ಣ ಗುಳ್ಳೆಯೆದ್ದು ಹೋಯಿತು. ಈಗ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಟ್ಯಾಂಕಿಗೆ ಒದ್ದೆ ಬೈರಾಸು ಹೊದಿಸಿರುತ್ತೇನೆ.