ಬಟನ್ ಒತ್ತೋದಷ್ಟೇ ಗೊತ್ತು, ಸ್ಟ್ರೀಟ್ ಫೈಟರ್ 6 ತಗೋಬಹುದಾ?

ಪ್ರಶ್ನೆ: ಮನೆಯಲ್ಲಿ ಪಿಎಸ್5 ಇದೆ. ಚಿಕ್ಕಂದಿನಲ್ಲಿ ವಿಡಿಯೋ ಗೇಮ್ ಪಾರ್ಲರ್‌ನಲ್ಲಿ ಸ್ಟ್ರೀಟ್ ಫೈಟರ್ ಆಡಿದ್ದು ಬಿಟ್ಟರೆ ಫೈಟಿಂಗ್ ಗೇಮ್ ಅಭ್ಯಾಸ ಇಲ್ಲ. ಈಗ ಸ್ಟ್ರೀಟ್ ಫೈಟರ್ 6 ತಗೊಂಡರೆ ದುಡ್ಡು ದಂಡ ಆಗುತ್ತಾ? ಒಳ್ಳೇದೇನು, ಕೆಟ್ಟದ್ದೇನು, ಎರಡೂ ಹೇಳಿ.

ಉತ್ತರ: ತಗೊಳ್ಳಿ. ಹೊಸಬರಿಗೆ ಕೈಹಿಡಿದು ಕಲಿಸುವುದರಲ್ಲಿ ಇದನ್ನು ಮೀರಿಸುವ ಫೈಟಿಂಗ್ ಗೇಮ್ ನನಗೆ ಕಂಡಿಲ್ಲ. ಆದರೆ ಸ್ವಲ್ಪ ಪಳಗಿದ ಮೇಲೆ ತಲೆ ಕೆಡಿಸುವ ಸಂಗತಿಯೂ ಇದರಲ್ಲಿದೆ. ತಮಾಷೆ ಅಂದರೆ ಆಟ ಇಷ್ಟು ಚೆನ್ನಾಗಿರುವುದಕ್ಕೂ, ಹಾಗೆ ತಲೆ ಕೆಡಿಸುವುದಕ್ಕೂ ಕಾರಣ ಒಂದೇ: ಡ್ರೈವ್ ಗೇಜ್, ಅಂದರೆ ವಿಶೇಷ ಶಕ್ತಿ ಎಷ್ಟಿದೆ ಅಂತ ತೋರಿಸುವ ಪಟ್ಟಿ.

ಅದಕ್ಕೆ ಮುಂಚೆ ಬಟನ್ ವಿಷಯ ಮುಗಿಸಿಬಿಡೋಣ. ಪಾರ್ಲರ್ ಕಾಲದಲ್ಲಿ ರಿಯು ಕೈಯಿಂದ ಹಡೋಕೆನ್ (ಶಕ್ತಿಯ ಉಂಡೆ) ಬಿಡಿಸಬೇಕಾದರೆ ಸ್ಟಿಕ್ಕನ್ನು ಕೆಳಗೆ, ಕೆಳಗಿನ ಮೂಲೆಗೆ, ಮುಂದಕ್ಕೆ ಹೀಗೆ ಒಂದೇ ಬೀಸಿನಲ್ಲಿ ಉಜ್ಜಿ ಪಂಚ್ ಒತ್ತಬೇಕಿತ್ತು. ಎಷ್ಟೋ ಹುಡುಗರು ಆ ಉಜ್ಜಾಟಕ್ಕೇ ಬೇಸತ್ತು ಬಿಟ್ಟರು, ಅಲ್ವಾ? ಈಗ ಆ ಹಳೇ ರೀತಿಗೆ ‘ಕ್ಲಾಸಿಕ್’ ಅಂತ ಹೆಸರು. ಪಕ್ಕದಲ್ಲಿ ‘ಮಾಡರ್ನ್’ ಅಂತ ಇನ್ನೊಂದಿದೆ. ಅದರಲ್ಲಿ ಸ್ಪೆಷಲ್ ಏಟಿಗೇ ಒಂದು ಬಟನ್. ಒತ್ತಿದರೆ ಹಡೋಕೆನ್, ದಿಕ್ಕು ಸೇರಿಸಿ ಒತ್ತಿದರೆ ಶೋರ್ಯುಕೆನ್ (ಮೇಲಕ್ಕೆ ಹಾರಿ ಗುದ್ದುವ ಏಟು). ಈ ಸುಲಭಕ್ಕೆ ದಂಡವೂ ಇದೆ: ಹಾಗೆ ಹೊಡೆದ ಸ್ಪೆಷಲ್ ಏಟಿನ ಬಲ ಶೇ. 20ರಷ್ಟು ಕಡಿಮೆ, ಜೊತೆಗೆ ಕೆಲವು ಸಾಮಾನ್ಯ ಏಟುಗಳು ಸಿಗುವುದಿಲ್ಲ. ಹಳಬರು ಮಾಡರ್ನ್ ನೋಡಿ ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ನೀವು ಅದರಲ್ಲೇ ಶುರು ಮಾಡಿ.

ಇನ್ನು ಡ್ರೈವ್ ಗೇಜ್. ಸಾಮಾನ್ಯವಾಗಿ ಇಂಥ ಆಟಗಳಲ್ಲಿ ವಿಶೇಷ ಶಕ್ತಿಯ ಗೇಜ್ ಖಾಲಿಯಿಂದ ಶುರುವಾಗುತ್ತದೆ. ಹೊಡೆದು, ಹೊಡೆಸಿಕೊಂಡು ತುಂಬಿಸಿಕೊಳ್ಳಬೇಕು. ಇಲ್ಲಿ ಉಲ್ಟಾ. ರೌಂಡ್ ಶುರುವಾಗುವಾಗಲೇ ಇಬ್ಬರಿಗೂ ಆರು ಮನೆಯ ಗೇಜ್ ಪೂರ್ತಿ ತುಂಬಿರುತ್ತದೆ. ಸಂಬಳ ಬಂದ ದಿನದ ಜೇಬಿನ ಹಾಗೆ, ಯಾವುದಕ್ಕೆ ಎಷ್ಟು ಖರ್ಚು ಅನ್ನುವುದೇ ಆಟ. ಸ್ಪೆಷಲ್ ಏಟಿಗೆ ಜಾಸ್ತಿ ಬಲ ಕೊಡಬೇಕಾ? ಎರಡು ಮನೆ. ಏಟಿನ ಮಧ್ಯೆ ಅದನ್ನು ಮುರಿದು ಮುನ್ನುಗ್ಗಬೇಕಾ (ಹೀಗೆ ನುಗ್ಗುವುದೇ ಡ್ರೈವ್ ರಶ್)? ಮೂರು ಮನೆ. ಡ್ರೈವ್ ಇಂಪ್ಯಾಕ್ಟಿಗೆ ಒಂದೇ ಮನೆ ಸಾಕು.

ಈ ಡ್ರೈವ್ ಇಂಪ್ಯಾಕ್ಟನ್ನು ಸ್ವಲ್ಪ ಹತ್ತಿರದಿಂದ ನೋಡಿ, ಆಟದ ಸ್ವಭಾವ ಗೊತ್ತಾಗುತ್ತದೆ. ಬಣ್ಣ ಚೆಲ್ಲಿದ ಹಾಗೆ ಕಾಣುವ ದೊಡ್ಡ ಏಟು ಅದು. ಮಧ್ಯೆ ನೀವು ಕೊಟ್ಟ ಎರಡು ಏಟನ್ನು ನುಂಗಿಕೊಂಡೇ ಬರುತ್ತದೆ. ಒತ್ತಿದ ಮೇಲೆ ತಗಲಲು 26 ಫ್ರೇಮ್ ಬೇಕು. ಸೆಕೆಂಡಿಗೆ 60 ಫ್ರೇಮ್ ಲೆಕ್ಕದಲ್ಲಿ ಅರ್ಧ ಸೆಕೆಂಡಿಗಿಂತ ಸ್ವಲ್ಪ ಕಮ್ಮಿ. ಮೊದಲ ವಾರ ಪ್ರತಿಸಲ ತಿನ್ನುತ್ತೀರಿ. ಆಮೇಲೆ ಒಂದು ದಿನ ಕಣ್ಣು ಅದನ್ನು ಹಿಡಿಯುತ್ತದೆ, ನೀವೂ ಇಂಪ್ಯಾಕ್ಟ್ ಒತ್ತುತ್ತೀರಿ. ತಡವಾಗಿ ಒತ್ತಿದವರದ್ದೇ ಗೆಲುವು, ಎದುರಾಳಿ ಕುಸಿಯುತ್ತಾನೆ. ಆ ಖುಷಿಗೇ ಜನ ಈ ಆಟಕ್ಕೆ ಅಂಟಿಕೊಳ್ಳುವುದು.

ಆರೂ ಮನೆ ಖಾಲಿಯಾದರೆ ಬರ್ನ್‌ಔಟ್. ಗೇಜ್ ಪೂರ್ತಿ ತುಂಬುವವರೆಗೆ ಈ ಸವಲತ್ತು ಒಂದೂ ಇಲ್ಲ. ಸ್ಪೆಷಲ್ ಏಟನ್ನು ತಡೆದುಕೊಂಡರೂ ಲೈಫ್ ಕರಗುತ್ತದೆ. ಗೋಡೆ ಹತ್ತಿರ ಇಂಪ್ಯಾಕ್ಟ್ ತಡೆದರಂತೂ ತಲೆ ತಿರುಗಿ ನಿಂತುಬಿಡುತ್ತೀರಿ.

ಕೇಳಲಿಕ್ಕೆ ಚೆನ್ನಾಗಿದೆ, ಆಡಲಿಕ್ಕೂ ಚೆನ್ನಾಗಿದೆ. ತೊಂದರೆ ಎಲ್ಲಿ ಅಂದರೆ, ಈ ಸಲಕರಣೆ ಎಲ್ಲ ಪಾತ್ರಗಳಿಗೂ ಒಂದೇ. ಯಾರನ್ನೇ ಆರಿಸಿ, ಪಳಗಿದವರ ಆಟ ಕೊನೆಗೆ ಡ್ರೈವ್ ರಶ್ ಹಾಕಿ ನುಗ್ಗು, ಮೂಲೆಗೆ ತಳ್ಳು ಅನ್ನುವಲ್ಲಿಗೇ ಬರುತ್ತದೆ. ಮೂಲೆಗೆ ಬಿದ್ದ ಮೇಲೆ ಶುರು ಆಗೋದು ಥ್ರೋ ಲೂಪ್. ಎದುರಾಳಿ ನಿಮ್ಮನ್ನು ಹಿಡಿದು ಎಸೆಯುತ್ತಾನೆ. ಏಳುವಷ್ಟರಲ್ಲಿ ಮತ್ತೆ ಪಕ್ಕದಲ್ಲೇ ಇರುತ್ತಾನೆ. ಈಗ ಮತ್ತೆ ಎಸೀತಾನಾ, ಹೊಡೀತಾನಾ? ಸುಮ್ನೆ ತಡೆದು ಕೂತರೆ ಎಸೀತಾನೆ. ಬಿಡಿಸಿಕೊಳ್ಳಲು ಬಟನ್ ಒತ್ತಿದರೆ ಒಂದು ಹೆಜ್ಜೆ ಹಿಂದೆ ಸರಿದು ದೊಡ್ಡ ಕಾಂಬೊ (ಒಂದರ ಹಿಂದೊಂದು ಏಟು) ಕೊಡ್ತಾನೆ. ಇದು ಬರೀ ಊಹೆಯ ಆಟ. ಎರಡು ಸಲ ತಪ್ಪು ಊಹಿಸಿದರೆ ರೌಂಡೇ ಹೋಗಬಹುದು. ನುರಿತ ಆಟಗಾರರೂ ಇದರ ಬಗ್ಗೆ ಗೊಣಗುತ್ತಾರೆ. ಅವರು ಹೇಳೋದು ಸರಿ ಅಂತಲೇ ನನಗೂ ಅನ್ನಿಸುತ್ತದೆ. ಆದರೆ ನಿಮಗೆ ಈ ಕಾಟ ಶುರುವಾಗುವುದಕ್ಕೆ ಇನ್ನೂ ಬಹಳ ದಿನ ಇದೆ.

ಒಬ್ಬರೇ ಆಡೋದಕ್ಕೆ ವರ್ಲ್ಡ್ ಟೂರ್ ಇದೆ. ನಿಮ್ಮದೇ ಒಂದು ಪಾತ್ರ ಮಾಡಿಕೊಂಡು ಮೆಟ್ರೋ ಸಿಟಿಯ ಬೀದಿ ಅಲೆಯುವುದು, ರಿಯು, ಚುನ್-ಲಿ ಇಂಥವರ ಹತ್ತಿರ ಶಿಷ್ಯರಾಗಿ ಏಟು ಕಲಿಯುವುದು. ತಲೆಗೆ ಪೆಟ್ಟಿಗೆ ಹಾಕಿಕೊಂಡ ರೌಡಿಗಳ ಜೊತೆ ಫ್ರಿಜ್ ಕೂಡ ಜಗಳಕ್ಕೆ ಬರುತ್ತದೆ, ನಿಜವಾಗ್ಲೂ! ಮೊದಮೊದಲು ಮಜಾ. ಆಮೇಲೆ ಅಲ್ಲಿಗೆ ಹೋಗು, ಇದನ್ನು ತಾ, ಲೆವೆಲ್ ಏರಿಸು ಅಂತ ಎಳೆಯುತ್ತದೆ. ಕಥೆಗೋಸ್ಕರವೇ ತಗೊಳ್ಳುವುದಾದರೆ ಬೇಡ ಅಂತೀನಿ.

ಆನ್‌ಲೈನ್ ಮಾತ್ರ ಗಟ್ಟಿ. 2016ರಲ್ಲಿ ಬಂದ ಸ್ಟ್ರೀಟ್ ಫೈಟರ್ 5ರಲ್ಲಿ ಮೊದಲಿಗೆ ಆರ್ಕೇಡ್ ಮೋಡ್ (ಕಂಪ್ಯೂಟರ್ ಎದುರಾಳಿಗಳ ಜೊತೆ ಸಾಲಾಗಿ ಆಡುವುದು) ಕೂಡ ಇರಲಿಲ್ಲ, ಆನ್‌ಲೈನ್ ಎಳೆದಾಟ ಬೇರೆ. 2023ರ ಜೂನ್ 2ಕ್ಕೆ ಬಂದ ಈ ಆರನೆಯದರಲ್ಲಿ ಆಟ ಮಾಡಿದ ಕಂಪನಿ ಕ್ಯಾಪ್‌ಕಾಮ್ ಅದನ್ನೆಲ್ಲ ಸರಿಮಾಡಿತು. ಇದರ ರೋಲ್‌ಬ್ಯಾಕ್ ವ್ಯವಸ್ಥೆ ಎದುರಾಳಿಯ ಮುಂದಿನ ಬಟನ್ ಊಹಿಸಿ ಆಟ ಮುಂದುವರಿಸುತ್ತದೆ. ಊಹೆ ತಪ್ಪಿದರೆ ಕೆಲವು ಫ್ರೇಮ್ ಹಿಂದೆ ಹೋಗಿ ತಿದ್ದುತ್ತದೆ. ಪಿಸಿ, ಎಕ್ಸ್‌ಬಾಕ್ಸ್‌ನವರ ಜೊತೆಯೂ ಆಡಬಹುದು. ಹಾಗಿದ್ದರೂ ದೂರ ದೂರವೇ: ಬೆಂಗಳೂರಿನಿಂದ ಅಮೆರಿಕದವರ ಜೊತೆ ಆಡಿದರೆ ಯಾವ ರೋಲ್‌ಬ್ಯಾಕೂ ಕಾಪಾಡಲ್ಲ. ಕನೆಕ್ಷನ್ ಚೆನ್ನಾಗಿರುವವರನ್ನೇ ಕೊಡು ಅಂತ ಸೆಟ್ಟಿಂಗ್‌ನಲ್ಲಿ ಹಾಕಿ. ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ.

ಪಾತ್ರ ಯಾರದ್ದು? ನಮ್ಮ ಪಕ್ಕದ ಕೇರಳದವನು ಅಂತ ಕಥೆಯಿರುವ ಧಾಲ್ಸಿಮ್ ಇದ್ದಾನೆ. ಕೈಕಾಲು ರಬ್ಬರಿನಂತೆ ಚಾಚುತ್ತಾನೆ, ಬಾಯಲ್ಲಿ ಬೆಂಕಿ ಉಗುಳುತ್ತಾನೆ, ಮಾಯವಾಗಿ ಬೇರೆ ಕಡೆ ಪ್ರತ್ಯಕ್ಷ ಆಗುತ್ತಾನೆ. ನಮ್ಮವನು ಅನ್ನೋ ಅಭಿಮಾನಕ್ಕೆ ಮೊದಲೇ ಅವನನ್ನು ಹಿಡಿಯಬೇಡಿ, ಕಷ್ಟದ ಪಾತ್ರ. ಲೂಕ್, ಕೆನ್ ಅಥವಾ ರಿಯು ಸಾಕು.

ದುಡ್ಡಿನ ವಿಷಯದಲ್ಲಿ ಒಂದು ಕಿರಿಕಿರಿ ಇದೆ. ಮೊದಲು 18 ಪಾತ್ರಗಳಿದ್ದವು, ಆಮೇಲೆ ಬಂದವರನ್ನೆಲ್ಲ ಬೇರೆಯಾಗಿ ಕೊಳ್ಳಬೇಕು. ಒಬ್ಬರಿಗೆ 350 ಫೈಟರ್ ಕಾಯಿನ್ (ದುಡ್ಡು ಕೊಟ್ಟು ಕೊಳ್ಳುವ ಆಟದೊಳಗಿನ ನಾಣ್ಯ). ಆದರೆ ಕಾಯಿನ್ ಮಾರುವುದು 250, 610 ಹೀಗೆ. ಒಂದು ಸಾಲಲ್ಲ, ಇನ್ನೊಂದು ಮಿಕ್ಕುತ್ತೆ. ಬೇಕಂತಲೇ ಮಾಡಿದ್ದು ಅದು! 2025ರಲ್ಲಿ ಬಂದ ‘ಇಯರ್ಸ್ 1-2 ಫೈಟರ್ಸ್ ಎಡಿಷನ್’ನಲ್ಲಿ ಮೊದಲ ಎರಡು ವರ್ಷದ ಎಂಟು ಪಾತ್ರಗಳೂ ಸೇರಿವೆ. ಸೇಲ್‌ನಲ್ಲಿ ಅದು ಸಿಕ್ಕಿದರೆ ಬಿಡಬೇಡಿ.

ಇನ್ನೂ ಅನುಮಾನ ಇದ್ದರೆ ಉಚಿತ ಡೆಮೊ ಹಾಕಿ ನೋಡಿ. ರಿಯು, ಲೂಕ್ ಇಬ್ಬರೂ ಇದ್ದಾರೆ, ವರ್ಲ್ಡ್ ಟೂರ್‌ನ ಮೊದಲ ಭಾಗವೂ ಇದೆ. ಅಲ್ಲಿ ಮಾಡಿಕೊಂಡ ಪಾತ್ರವನ್ನು ಮುಂದೆ ಪೂರ್ತಿ ಆಟಕ್ಕೆ ತಂದುಕೊಳ್ಳಬಹುದು.